ಎಲ್ಲ ಮಕ್ಕಳಿಗೂ ಶಾಲೆಯಲ್ಲಿ ಪುಕ್ಕಟೆ ಊಟ: ಬೇಕೇ, ಬೇಡವೇ?

ಸರ್ಕಾರಿ, ಮುನ್ಸಿಪಲ್ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೇ ತರಗತಿಯವರೆಗೆ ಮಧ್ಯಾಹ್ನದ ಊಟ ಈಗಲೂ ಪುಕ್ಕಟೆ. ಅದನ್ನು ಒಂಬತ್ತು-ಹತ್ತನೇ ತರಗತಿಗೂ, ಅನುದಾನ ಇಲ್ಲದ ಖಾಸಗಿ ಶಾಲೆಗಳಿಗೂ ವಿಸ್ತರಿಸಿ ಮುಂಬೈಯ ಪ್ರತಿ ಮಗುವಿಗೂ ಕೊಡಬೇಕೇ? ಪರವಾಗಿ ಬರೆದವರು ಇಲ್ಲಿನ ಕನ್ನಡ ಶಾಲೆಯೊಂದರ ನಿವೃತ್ತ ಶಿಕ್ಷಕಿ. ವಿರೋಧವಾಗಿ ಬರೆಯಲು ಒಪ್ಪಿದವರು ಮಾಟುಂಗಾದ ಹೋಟೆಲ್ ಮಾಲಕರು.

ಪರ: ಧರ್ಮಸ್ಥಳದಲ್ಲಿ ಯಾರೂ ಕಾರ್ಡ್ ಕೇಳುವುದಿಲ್ಲ

"ಉಳ್ಳವರ ಮಕ್ಕಳಿಗೂ ಯಾಕ್ರೀ ಪುಕ್ಕಟೆ ಊಟ?" ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ತಮ್ಮ ಊಟ ಆದ ಮೇಲೆ ಕೇಳುತ್ತಾರೆ. ಕನ್ನಡ ಸಂಘದ ವಾರ್ಷಿಕ ಸಭೆಯಲ್ಲಿ ಹೋಳಿಗೆ ಊಟ ಮುಗಿದು, ಎಲೆ-ಅಡಿಕೆ ಬಾಯಲ್ಲಿರುವಾಗ. ಆ ಊಟಕ್ಕೆ ಕೂತವರಲ್ಲಿ ಯಾರು ಉಳ್ಳವರು, ಯಾರು ಇಲ್ಲದವರು ಅಂತ ಯಾರೂ ವಿಚಾರಿಸಿರುವುದಿಲ್ಲ. ಮಕ್ಕಳ ತಟ್ಟೆ ಬಂದಾಗ ಮಾತ್ರ ಲೆಕ್ಕ ಶುರು.

ನಮ್ಮ ಜನಕ್ಕೆ ಇದು ಹೊಸ ವಿಚಾರವೇ ಅಲ್ಲ. ಧರ್ಮಸ್ಥಳ, ಹೊರನಾಡು, ಶೃಂಗೇರಿ ಎಲ್ಲಿಗೆ ಹೋದರೂ ಊಟಕ್ಕೆ ಕೂರುತ್ತೇವೆ. ಕಾರಿನಲ್ಲಿ ಬಂದವರೂ ಕೂರುತ್ತಾರೆ, ಕೆಂಪು ಬಸ್ಸಿನಲ್ಲಿ ಬಂದವರೂ ಕೂರುತ್ತಾರೆ. ಪಡಿತರ ಚೀಟಿ ತೋರಿಸಿ ಅಂತ ಯಾರಾದರೂ ಕೇಳಿದ್ದಾರಾ? ಕೇಳಿದ್ದರೆ ಬಡವನಿಗೆ ಆ ಪಂಕ್ತಿಯಲ್ಲಿ ಕೂರಲು ಮನಸ್ಸು ಬರುತ್ತಿತ್ತಾ? ಎಲ್ಲರೂ ಕೂರುವುದರಿಂದಲೇ ಅವನೂ ಕೂರುತ್ತಾನೆ. ನನ್ನ ವಾದ ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ನಾನು ಕೊನೆಯ ವರ್ಷಗಳಲ್ಲಿ ಪಾಠ ಮಾಡಿದ್ದು ಹೈಸ್ಕೂಲಿನಲ್ಲಿ. ಕರಾವಳಿಯವರ ಮಕ್ಕಳು ಇಂಗ್ಲಿಷ್ ಶಾಲೆಗಳಿಗೆ ಹೋಗಿ ಬಹಳ ಕಾಲವಾಯಿತು. ಮುಂಬೈಯ ಕನ್ನಡ ಶಾಲೆಗಳು ಇವತ್ತು ಉಳಿದಿದ್ದರೆ ಅದು ಹೆಚ್ಚಾಗಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳಿಂದ. (ಸಂಘದ ವೇದಿಕೆಯ ಮೇಲೆ ಈ ಮಾತು ಹೇಳಿದರೆ ಅಧ್ಯಕ್ಷರು ನೀರಿನ ಬಾಟಲಿ ಹುಡುಕುತ್ತಾರೆ.) ಈ ಮಕ್ಕಳ ಅಪ್ಪ-ಅವ್ವ ಬೆಳಗಾದರೆ ನಾಕಾಕ್ಕೆ, ಅಂದರೆ ಕೂಲಿಯವರು ಕೆಲಸಕ್ಕೆ ಕಾಯುವ ರಸ್ತೆ ಮೂಲೆಗೆ, ಹೋಗಿ ನಿಲ್ಲುತ್ತಾರೆ. ಕೆಲಸ ಸಿಕ್ಕರೆ ಕತ್ತಲಾದ ಮೇಲೆ ಮನೆ. ಸಿಗದಿದ್ದರೆ ಹತ್ತು ಗಂಟೆಗೇ ವಾಪಸ್. ಬೆಳಗಿನ ಪಾಳಿಯ ಶಾಲೆ ಏಳಕ್ಕೆಲ್ಲ ಶುರು. ಆ ಹೊತ್ತಿಗೆ ಯಾವ ಮನೆಯಲ್ಲಿ ಡಬ್ಬಿ ತಯಾರಾಗಿರುತ್ತದೆ? ಒಂದು ಲೋಟ ಚಹಾ, ಅದರಲ್ಲಿ ಅದ್ದಿದ ಖಾರಿ ಬಿಸ್ಕತ್ತು ಅಥವಾ ಪಾವ್. ಅಷ್ಟರಲ್ಲಿ ಮಧ್ಯಾಹ್ನದವರೆಗೆ ಬೀಜಗಣಿತ, ವ್ಯಾಕರಣ, ಎಲ್ಲಾ.

ಅಂಥ ಮನೆಯ ಒಬ್ಬ ಹುಡುಗಿ ಒಂಬತ್ತನೇ ತರಗತಿಯಲ್ಲಿದ್ದಳು. ತಮ್ಮ ಆರನೇ ತರಗತಿ, ಅದೇ ಕಟ್ಟಡ, ಕೆಳಗಿನ ಮಹಡಿ. ಖಿಚಡಿಯ ಡಬ್ಬ ಬಂದ ಕೂಡಲೇ ಅವನು ಸಾಲಿನಲ್ಲಿ ನಿಂತು ತನ್ನ ತಟ್ಟೆಗೆ ಹಾಕಿಸಿಕೊಳ್ಳುತ್ತಿದ್ದ. ಅರ್ಧ ತಿಂದು, ಉಳಿದರ್ಧದ ಮೇಲೆ ನೋಟ್‌ಬುಕ್ಕು ಮುಚ್ಚಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಅಕ್ಕ ಹಿಂದಿನ ವರ್ಷ ಅದೇ ಸಾಲಿನಲ್ಲಿ ನಿಂತವಳು. ಜೂನ್ ತಿಂಗಳಲ್ಲಿ ಪಾಸಾಗಿ ಒಂದು ತರಗತಿ ಮೇಲೆ ಬಂದಳು, ಅಷ್ಟೆ. ಸರ್ಕಾರದ ಲೆಕ್ಕದಲ್ಲಿ ಅವಳ ಹಸಿವು ಏಪ್ರಿಲ್‌ನಲ್ಲೇ ಮುಗಿದಿತ್ತು.

ಊಟ ಬಡಿಸುವ ಹೆಂಗಸಿಗೆ ಇದು ಗೊತ್ತಿತ್ತು. ಅವನ ತಟ್ಟೆಗೆ ಒಂದು ಸೌಟು ಜಾಸ್ತಿ ಬೀಳುತ್ತಿತ್ತು. ಹೆಡ್‌ಮಾಸ್ತರಿಗೆ ಗೊತ್ತಿತ್ತು, ನಮಗೆಲ್ಲ ಗೊತ್ತಿತ್ತು. ರಿಜಿಸ್ಟರಿಗೆ ಮಾತ್ರ ಗೊತ್ತಿರಲಿಲ್ಲ. ಒಂದು ದಿನ ತಪಾಸಣೆಗೆ ಬಂದವರೊಬ್ಬರು ಮೆಟ್ಟಿಲಲ್ಲಿ ಹುಡುಗನನ್ನು ತಡೆದರು. "ಊಟ ಬೇರೆ ಕಡೆ ಒಯ್ಯುವ ಹಾಗಿಲ್ಲ, ಇಲ್ಲೇ ತಿನ್ನು" ಅಂದರು. ಅವನು ಅಲ್ಲೇ ನಿಂತು ಗಬಗಬ ತಿಂದುಬಿಟ್ಟ. ಅವರು ನಿಯಮ ಹೇಳಿದ್ದು, ತಪ್ಪೇನಿಲ್ಲ. ಆದರೆ ಮಾರನೇ ದಿನದಿಂದ ಅಕ್ಕ ತಮ್ಮನಿಗೆ ಮೇಲೆ ಬರಬೇಡ ಅಂದಳು. ನಾನು ಕರೆದು ನನ್ನ ಡಬ್ಬಿಯ ಚಪಾತಿ ಕೊಡಲು ಹೋದೆ. "ಬ್ಯಾಡ್ರಿ ಟೀಚರ್, ನಾ ಡಯೆಟ್ ಮಾಡಾಕತ್ತೀನಿ" ಅಂದಳು. ನಾಕಾದಲ್ಲಿ ಕೂಲಿಗೆ ನಿಲ್ಲುವವನ ಮಗಳು, ಮೊಣಕೈ ಮೂಳೆ ಕಾಣುತ್ತಿದ್ದವಳು, ಡಯೆಟ್! ಆ ಮಾತು ಅವಳಿಗೆ ಯಾರು ಕಲಿಸಿದರೋ. ಬಡತನ ಮುಚ್ಚಿಕೊಳ್ಳಲು ಒಳ್ಳೆಯ ಮಾತು ಸಿಕ್ಕಿತ್ತು.

ಇದೇ ಹುಡುಗಿ ಕಲಬುರಗಿಯಲ್ಲೇ ಉಳಿದಿದ್ದರೆ ಊಟ ಸಿಗುತ್ತಿತ್ತು. ಕರ್ನಾಟಕ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಅನ್ನುವ ಶಾಲಾ ಬಿಸಿಯೂಟ ಶುರು ಮಾಡಿತು. ಆಮೇಲೆ ಇಡೀ ರಾಜ್ಯಕ್ಕೆ ಹರಡಿತು. ಈಗ ಅಲ್ಲಿನ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೂ ಬಿಸಿಯೂಟ ಇದೆ. 2013ರಿಂದ ಹಾಲೂ ಇದೆ. ಹೊಟ್ಟೆಪಾಡಿಗೆ ಅಂತ ದೇಶದ ಶ್ರೀಮಂತ ನಗರಕ್ಕೆ ಬಂದವಳ ಊಟ ಹೋಯಿತು. ಇದು ಯಾವ ನ್ಯಾಯ ನೀವೇ ಹೇಳಿ.

"ಹಾಗಾದರೆ ಬಡ ಮಕ್ಕಳಿಗೆ ಕೊಡಿ, ಎಲ್ಲರಿಗೂ ಯಾಕೆ?" ಅನ್ನುತ್ತೀರಿ. ಸರಿ, ಬಡವರನ್ನು ಹುಡುಕೋಣ. ಹೇಗೆ? ಮಹಾರಾಷ್ಟ್ರದಲ್ಲಿ ಪಡಿತರ ಚೀಟಿಗೆ ಹಳದಿ, ಕೇಸರಿ, ಬಿಳಿ ಅಂತ ಮೂರು ಬಣ್ಣ. ನಮ್ಮ ಮಕ್ಕಳ ಮನೆಯ ಚೀಟಿ ಎಷ್ಟೋ ಸಲ ಊರಲ್ಲಿ ಅಜ್ಜಿಯ ಟ್ರಂಕಿನಲ್ಲಿರುತ್ತದೆ. ಆದಾಯದ ದಾಖಲೆ ಬೇಕಾದರೆ ತಹಸೀಲ್ದಾರ್ ಕಚೇರಿಗೆ ಅಲೆಯಬೇಕು. ಅಲೆದ ದಿನದ ಕೂಲಿ ಹೋಗುತ್ತದೆ. ಬಡವ ಅಂತ ತೋರಿಸಿಕೊಳ್ಳಲು ಮೊದಲು ಒಂದು ದಿನದ ಅನ್ನ ಕಳೆದುಕೊಳ್ಳಬೇಕು. ಅದನ್ನೆಲ್ಲ ಮಾಡಿ ಕಾಗದ ತಂದರು ಅಂತಲೇ ಇಟ್ಟುಕೊಳ್ಳಿ. ಆಮೇಲೆ ತರಗತಿಯಲ್ಲಿ ಏನಾಗುತ್ತದೆ? "ಪುಕ್ಕಟೆ ಊಟದವರು ಎದ್ದು ಬನ್ನಿ" ಅಂತ ಕರೆಯಬೇಕು. ನಾನು ಮೇಷ್ಟರ ಕೆಲಸ ಮಾಡಿದವಳು. ಹದಿನಾಲ್ಕು ವರ್ಷದ ಯಾವ ಮಗುವೂ ಆ ಕರೆಗೆ ಏಳುವುದಿಲ್ಲ.

ಖಾಸಗಿ ಶಾಲೆಯ ವಿಷಯಕ್ಕೆ ಬಂದರೆ ಇನ್ನೂ ವಿಚಿತ್ರ. ಖಾಸಗಿ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಎಸಿ ಬಸ್ಸು, ಈಜುಕೊಳ ಬರುತ್ತದೆ. ಸ್ವಲ್ಪ ಧಾರಾವಿ, ಮಾನಖುರ್ದ್, ಕುರ್ಲಾ ಕಡೆ ಓಡಾಡಿ. ಎರಡು ಮಹಡಿಯ ಮನೆಯಲ್ಲಿ ಇಂಗ್ಲಿಷ್ ಬೋರ್ಡು ಹಾಕಿದ ಶಾಲೆಗಳಿವೆ. ನಾಲ್ಕು ಮನೆಯ ಪಾತ್ರೆ ತೊಳೆಯುವ ತಾಯಿ, ಮಗ ಇಂಗ್ಲಿಷ್ ಕಲಿಯಲಿ ಅಂತ ಅಲ್ಲಿಗೆ ಫೀಸು ಕಟ್ಟುತ್ತಾಳೆ. ಆ ಶಾಲೆಗೆ ಅನುದಾನ ಇಲ್ಲ, ಹಾಗಾಗಿ ಊಟವೂ ಇಲ್ಲ. ಫೀಸು ಕಟ್ಟಿದ್ದೇ ಅವಳ ತಪ್ಪು. ಇನ್ನು ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸೀಟುಗಳನ್ನು ಬಡ, ಹಿಂದುಳಿದ ಮನೆಯ ಮಕ್ಕಳಿಗೆ ಮೀಸಲಿಟ್ಟಿದೆ. ಆ ಮಗುವಿಗೆ ಬೆಂಚು ಸಿಕ್ಕಿತು. ಪಕ್ಕದವನು ಡಬ್ಬಿ ಬಿಚ್ಚಿದಾಗ ಪಾಸ್ತಾ, ಇವನು ಬಿಚ್ಚಿದಾಗ ನಿನ್ನೆಯ ಚಪಾತಿ, ಇಲ್ಲವೇ ಡಬ್ಬಿಯೇ ಇಲ್ಲ. ಬಡವ ಅಂತ ಕಾನೂನೇ ಒಪ್ಪಿಕೊಂಡ ಮಗುವಿಗೆ ಕಾನೂನಿನ ಊಟ ಇಲ್ಲ! ಯಾರಾದರೂ ಇದನ್ನು ನನಗೆ ಬಿಡಿಸಿ ಹೇಳಲಿ.

ಊಟದ ಇತಿಹಾಸ ನೋಡಿದರೂ ಪ್ರತಿ ಸಲವೂ ಇದೇ ಗೋಳು. ಕಾಮರಾಜರು 1956ರಲ್ಲಿ ತಮಿಳುನಾಡಿನ ಶಾಲೆಗಳಲ್ಲಿ ಊಟಕ್ಕೆ ಹೊರಟಾಗ ದುಡ್ಡೆಲ್ಲಿ ಅಂದರು. 1982ರಲ್ಲಿ ಎಂಜಿಆರ್ ಅದನ್ನು ದೊಡ್ಡದು ಮಾಡಿದಾಗಲೂ ಅದನ್ನೇ ಅಂದರು. ಕೇಂದ್ರದ ಯೋಜನೆ ಬಂದದ್ದು 1995ರ ಆಗಸ್ಟ್ 15ರಂದು. ಹೆಸರು ಊಟದ್ದು, ಆದರೆ ಹೆಚ್ಚಿನ ರಾಜ್ಯಗಳು ಅಡುಗೆ ಮಾಡಲೇ ಇಲ್ಲ. ಹಾಜರಿ ಸರಿಯಿದ್ದರೆ ತಿಂಗಳಿಗೆ 3 ಕಿಲೋ ಧಾನ್ಯ ಕೊಟ್ಟು ಕೈ ತೊಳೆದುಕೊಂಡವು. ಆ ಅಕ್ಕಿ ಮನೆಗೆ ಹೋಗಿ ಎಲ್ಲರ ಪಾಲಾಗುತ್ತಿತ್ತು. ಕೊನೆಗೆ ಸುಪ್ರೀಂ ಕೋರ್ಟೇ 2001ರ ನವೆಂಬರ್ 28ರಂದು ಹೇಳಬೇಕಾಯಿತು: ಬೇಯಿಸಿದ ಊಟವನ್ನೇ ಕೊಡಿ, ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷಕ್ಕೆ ಕನಿಷ್ಠ 200 ದಿನ. 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಮಕ್ಕಳ ಹಕ್ಕು ಮಾಡಿತು. 2021ರಲ್ಲಿ ಪಿಎಂ ಪೋಷಣ್ ಅಂತ ಹೊಸ ಹೆಸರು ಬಂತು. ಗೆರೆ ಮಾತ್ರ ಅಲ್ಲೇ, ಎಂಟನೇ ತರಗತಿಯ ಬಾಗಿಲಲ್ಲಿ.

ಗಮನಿಸಿ. ಈಗಿನ ಯೋಜನೆ ಕೂಡ ಶಾಲೆಯೊಳಗೆ ಬಡವ-ಬಲ್ಲಿದ ಅಂತ ನೋಡುವುದಿಲ್ಲ. ಮುನ್ಸಿಪಲ್ ಶಾಲೆಗೆ ಬಂದ ಪ್ರತಿ ಮಗುವಿಗೂ ಕೊಡುತ್ತದೆ. ಅದಕ್ಕೇ ಅದು ನಡೆಯುತ್ತಿದೆ. ನಾನು ಕೇಳುತ್ತಿರುವುದು ಆ ಬಾಗಿಲನ್ನು ಇನ್ನೊಂದಿಷ್ಟು ತೆರೆಯಿರಿ ಅಂತ.

ಹೊರದೇಶದ ಮಾತು ಬೇಕಾದರೆ ಅದೂ ಇದೆ. ಫಿನ್‌ಲ್ಯಾಂಡ್ ಯುದ್ಧದಲ್ಲಿ ಸೋತು ಬಸವಳಿದ ದೇಶ. 1948ರಿಂದ ಅಲ್ಲಿ ಶಾಲೆಯ ಎಲ್ಲ ಮಕ್ಕಳಿಗೂ ಪುಕ್ಕಟೆ ಊಟ. ಶ್ರೀಮಂತರಾದ ಮೇಲೆ ಕೊಟ್ಟದ್ದಲ್ಲ, ಕೊಟ್ಟು ಆಮೇಲೆ ಶ್ರೀಮಂತರಾದದ್ದು. ಲಂಡನ್ನಿನ ಮೇಯರ್ ಸಾದಿಕ್ ಖಾನ್ 2023ರ ಸೆಪ್ಟೆಂಬರಿನಿಂದ ಸರ್ಕಾರಿ ಪ್ರೈಮರಿ ಶಾಲೆಗಳ ಎಲ್ಲ ಮಕ್ಕಳಿಗೂ ಊಟ ಕೊಡಿಸಿದರು. ಲಂಡನ್ನಿಗೆ ಬೇಕಾದದ್ದು ಮುಂಬೈಗೆ ಬೇಡವಾ?

ದುಡ್ಡಿನ ಲೆಕ್ಕ ನನಗೆ ಬರುವುದಿಲ್ಲ, ಅದನ್ನು ಲೆಕ್ಕ ಬಲ್ಲವರು ನೋಡಿಕೊಳ್ಳಲಿ. ನನಗೆ ಗೊತ್ತಿರುವುದು ಒಂದೇ. ಬೃಹನ್ಮುಂಬೈ ಮಹಾನಗರ ಪಾಲಿಕೆಯ 2025-26ರ ಬಜೆಟ್ 74,427 ಕೋಟಿ ರೂಪಾಯಿ. ಸಮುದ್ರದ ಮೇಲೆ ರಸ್ತೆ ಹಾಕುವ ಊರು ಇದು. ಹತ್ತನೇ ತರಗತಿಯ ಹುಡುಗಿಗೆ ಒಂದು ಸೌಟು ಖಿಚಡಿ ಹಾಕಲು ಈ ಊರಿಗೆ ಆಗುವುದಿಲ್ಲ ಅಂದರೆ ನಾನು ನಂಬುವುದಿಲ್ಲ. ಶ್ರೀಮಂತರ ಮಲಬಾರ್ ಹಿಲ್ಲಿನ ಮಗುವೂ ಬಂದು ತಿನ್ನುತ್ತದೆ ಅಂತ ಭಯವಾ? ಬರಲಿ! ಆ ಮಗು ನಮ್ಮ ಖಿಚಡಿ ತಿಂದರೆ ಆ ಸಂಜೆಯೇ ಅದರ ಅಪ್ಪ ಶಿಕ್ಷಣಾಧಿಕಾರಿಗೆ ಫೋನು ಮಾಡುತ್ತಾನೆ. ಬೇಳೆ ಯಾಕೆ ಇಷ್ಟು ನೀರು ಅಂತ ಕೇಳುತ್ತಾನೆ. ನಾಕಾದ ಅಪ್ಪನಿಗೆ ಆ ನಂಬರು ಗೊತ್ತಿಲ್ಲ. ಬರೀ ಬಡವರಿಗೆ ಅಂತ ಮಾಡಿದ ಯಾವುದನ್ನೂ ನಮ್ಮ ದೇಶದಲ್ಲಿ ಚೆನ್ನಾಗಿ ಇಟ್ಟುಕೊಂಡಿಲ್ಲ. ಅದಕ್ಕಾಗಿಯಾದರೂ ಎಲ್ಲರೂ ಒಂದೇ ಪಾತ್ರೆಯಿಂದ ತಿನ್ನಬೇಕು.

ವಿರೋಧ ಬರೆಯುತ್ತಿರುವವರು ಹೋಟೆಲಿನವರು ಅಂತ ಕೇಳಿದೆ. ನನ್ನ ಭಾವನವರದ್ದೂ ಒಂದು ಕಾಲದಲ್ಲಿ ಹೋಟೆಲು ಇತ್ತು. ಅಲ್ಲಿ ಮ್ಯಾನೇಜರಿಂದ ಹಿಡಿದು ಟೇಬಲ್ ಒರೆಸುವ ಹುಡುಗನವರೆಗೆ ಎಲ್ಲರಿಗೂ ಎರಡು ಹೊತ್ತು ಊಟ, ಅದೇ ಸಾಂಬಾರು. ಯಾರ ಪಗಾರ ಎಷ್ಟು ಅಂತ ಕೇಳಿ ಬಡಿಸಿದ್ದನ್ನು ನಾನು ನೋಡಲಿಲ್ಲ. ಇವರ ಹೋಟೆಲಿನಲ್ಲಿ ಹೇಗೋ.

ವಿರೋಧ: 6 ರೂಪಾಯಿ 78 ಪೈಸೆಯಲ್ಲಿ ಏನು ಬೇಯುತ್ತದೆ?

ಸಂಪಾದಕರು ಫೋನ್ ಮಾಡಿ, "ಪರ ಬರೆಯಲು ನಾಲ್ಕು ಜನ ಇದ್ದಾರೆ, ವಿರೋಧಕ್ಕೆ ಯಾರೂ ಸಿಗುತ್ತಿಲ್ಲ, ನೀವೇ ಬರೆಯಿರಿ" ಅಂದರು. ಮಕ್ಕಳ ಊಟಕ್ಕೆ ವಿರೋಧ ಅಂದರೆ ಮಾರಾಯ್ರೆ, ಯಾರಾದರೂ ಸಂತೋಷದಿಂದ ಬರೆಯುತ್ತಾರಾ? ಒಪ್ಪಿಕೊಂಡಾಗಿದೆ, ಬರೆಯುತ್ತೇನೆ.

ಮೊದಲು ಎಲ್ಲರೂ ಹೇಳುವ ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಸರ್ಕಾರದ ಬೊಕ್ಕಸಕ್ಕೆ ಮಿತಿ ಇದೆ. ಕಟ್ಟಬಲ್ಲವರ ಮಕ್ಕಳ ಊಟಕ್ಕೆ ತೆರಿಗೆ ದುಡ್ಡು ಹಾಕಿದರೆ ಇಲ್ಲದವರ ತಟ್ಟೆಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ಮಕ್ಕಳಿಗೆ ಉಣಿಸುವುದು ತಂದೆ-ತಾಯಿಯ ಕೆಲಸ. ಎಲ್ಲವನ್ನೂ ಸರ್ಕಾರವೇ ಮಾಡುತ್ತಾ ಹೋದರೆ ನಾವು ಏನು ಮಾಡುವುದು? ಇವೆಲ್ಲ ನಿಜವೇ. ಪುಕ್ಕಟೆ ಊಟ ಕೊಡಿ ಅನ್ನುವವರು ನಾಳೆ ಪುಕ್ಕಟೆ ಸಿನಿಮಾ ಟಿಕೆಟ್ಟೂ ಕೇಳಬಹುದು. ನಾಚಿಕೆ, ಅವಮಾನ ಅಂತೆಲ್ಲ ಟೀಚರುಗಳು ಹೇಳುತ್ತಾರೆ. ನಾನೂ ಕುಂದಾಪುರ ಕಡೆಯಿಂದ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ರಾತ್ರಿ ಶಾಲೆಯಲ್ಲಿ ಕಲಿತವನು. ನಮಗೆ ಶಾಲೆ ಊಟ ಕೊಡಲಿಲ್ಲ, ನಾಚಿಕೆಯೂ ಆಗಲಿಲ್ಲ. ಹೋಟೆಲಿನಲ್ಲಿ ಊಟ ಇತ್ತು, ಅದು ಬೇರೆ ವಿಚಾರ.

ಈಗ ನನಗೆ ಗೊತ್ತಿರುವ ವಿಚಾರಕ್ಕೆ ಬರುತ್ತೇನೆ. ಅಡುಗೆ.

ಪಿಎಂ ಪೋಷಣ್ ಯೋಜನೆಯಲ್ಲಿ 2025ರ ಮೇ 1ರಿಂದ ಒಂದು ಮಗುವಿನ ಒಂದು ದಿನದ ಊಟಕ್ಕೆ ಇಟ್ಟ ದರ: ಪ್ರೈಮರಿಗೆ 6 ರೂಪಾಯಿ 78 ಪೈಸೆ, ಆರರಿಂದ ಎಂಟನೇ ತರಗತಿಗೆ 10 ರೂಪಾಯಿ 17 ಪೈಸೆ. ಅಕ್ಕಿ ಕೇಂದ್ರ ಸರ್ಕಾರ ಬೇರೆ ಕೊಡುತ್ತದೆ, ಅದನ್ನು ಇದರಲ್ಲಿ ಸೇರಿಸಬೇಡಿ. ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸು, ಇಷ್ಟೂ ಈ ದುಡ್ಡಿನಲ್ಲೇ. ಪ್ರೈಮರಿ ಮಗುವಿಗೆ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಅಂತ ಲೆಕ್ಕ. ಎಲ್ಲ ಸೇರಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಬರಬೇಕು.

ನಾನು ವಾಶಿ ಮಾರ್ಕೆಟಿನಿಂದ ಸಾಮಾನು ತರಿಸುವವನು. ತೊಗರಿ ಬೇಳೆ ಕಿಲೋಗೆ 120 ಅಂತ ಇಟ್ಟುಕೊಳ್ಳಿ, 20 ಗ್ರಾಮಿಗೆ 2 ರೂಪಾಯಿ 40 ಪೈಸೆ. ತರಕಾರಿ ಸರಾಸರಿ 50 ಅಂದರೆ 2 ರೂಪಾಯಿ 50 ಪೈಸೆ. ಎಣ್ಣೆ 150 ಅಂದರೆ 75 ಪೈಸೆ. ಇಲ್ಲಿಗೆ 5 ರೂಪಾಯಿ 65 ಪೈಸೆ ಆಯಿತು. ಉಳಿದದ್ದು 1 ರೂಪಾಯಿ 13 ಪೈಸೆ. ಅದರಲ್ಲಿ ಗ್ಯಾಸು, ಉಪ್ಪು, ಅರಿಶಿನ, ಜೀರಿಗೆ, ಸಾಸಿವೆ. ಮಳೆಗಾಲದಲ್ಲಿ ಟೊಮ್ಯಾಟೊ ರೇಟು ಏರಿದರೆ ಈ ಲೆಕ್ಕವೂ ಮಗುಚಿತು. ಮುಂಬೈಯಲ್ಲಿ ಈ ದುಡ್ಡಿಗೆ ಒಂದು ಕಟಿಂಗ್ ಚಹಾ ಸಿಗುವುದಿಲ್ಲ. ಹಾಗಾದರೆ ಎಲ್ಲಿ ಉಳಿಸುತ್ತಾರೆ? ನನ್ನ ಕಸುಬಿನವರಿಗೆ ಹೇಳಿಕೊಡಬೇಕಾಗಿಲ್ಲ. ಬೇಳೆ ಕಡಿಮೆ, ನೀರು ಜಾಸ್ತಿ, ಅರಿಶಿನ ಜಾಸ್ತಿ. ಬಣ್ಣ ನೋಡಿದರೆ ಬೇಳೆ ಇದ್ದ ಹಾಗೇ ಕಾಣುತ್ತದೆ.

ಅಡುಗೆ ಮಾಡುವವರ ಗೌರವಧನ ಕೇಳಿ. ಕೇಂದ್ರದ ಲೆಕ್ಕದಲ್ಲಿ ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. 2009ರಿಂದ ಬದಲಾಗಿಲ್ಲ. ರಾಜ್ಯಗಳು ತಮ್ಮ ಕೈಯಿಂದ ಒಂದಿಷ್ಟು ಸೇರಿಸುತ್ತವೆ. ನಮ್ಮ ಹೋಟೆಲಿನಲ್ಲಿ ತೆಂಗಿನಕಾಯಿ ತುರಿಯುವ ಹುಡುಗನೂ ಆ ದುಡ್ಡಿಗೆ ಒಂದು ವಾರ ನಿಲ್ಲುವುದಿಲ್ಲ.

ಪರ ಬರೆಯುವವರು ಧರ್ಮಸ್ಥಳ ತಂದೇ ತರುತ್ತಾರೆ ಅಂತ ನನಗೆ ಗೊತ್ತು. ಎಲ್ಲರೂ ತರುತ್ತಾರೆ. ಅಲ್ಲಿ ಅಡುಗೆ ಮನೆಗೂ ಪಂಕ್ತಿಗೂ ನಡುವೆ ಇರುವುದು ಒಂದೇ ಗೋಡೆ. ಒಲೆಯಿಂದ ಇಳಿದದ್ದು ನೇರ ಎಲೆಗೆ. ಮುಂಬೈಯ ಶಾಲೆಗಳಲ್ಲಿ ಅಡುಗೆ ಮನೆಗೆ ಜಾಗ ಎಲ್ಲಿದೆ? ಆಟದ ಜಾಗವೇ ಇಲ್ಲ. ಹಾಗಾಗಿ ಇಲ್ಲಿ ದೊಡ್ಡ ಅಡುಗೆ ಮನೆಯಲ್ಲೋ, ಮಹಿಳಾ ಬಚತ್ ಗಟ್ (ಸ್ವಸಹಾಯ ಗುಂಪು) ನವರ ಹತ್ತಿರವೋ ಬೇಯಿಸಿ, ಡಬ್ಬಕ್ಕೆ ತುಂಬಿ, ಟೆಂಪೋದಲ್ಲಿ ಕಳಿಸುತ್ತಾರೆ. ಮಧ್ಯಾಹ್ನದ ಊಟಕ್ಕೆ ಬೆಳಗಿನ ಜಾವ ಒಲೆ ಹಚ್ಚಬೇಕು. ಅನ್ನ ಬಹಳ ಹೊತ್ತು ಬಿಸಿ ಉಳಿಯಬೇಕು, 60 ಡಿಗ್ರಿಗಿಂತ ಮೇಲೆ. ಕೆಳಗೆ ಇಳಿದರೆ ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಅನ್ನದಲ್ಲಿ ಬೆಳೆಯುತ್ತದೆ. ವಾಂತಿ ತರಿಸುವ ಅದರ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಮುಂಬೈಯ ಸೆಕೆಯಲ್ಲಿ ಅದಕ್ಕೆ ಹಬ್ಬ.

ಉಪನಗರದ ಒಂದು ಖಾಸಗಿ ಶಾಲೆಗೆ ಸ್ವಲ್ಪ ಕಾಲ ನಾವೇ ಮಧ್ಯಾಹ್ನದ ಊಟ ಕೊಡುತ್ತಿದ್ದೆವು. ಒಳ್ಳೆಯ ರೇಟು, ಇಂಥ 6 ರೂಪಾಯಿಯ ಕಥೆ ಅಲ್ಲ. ಅನ್ನ, ದಾಲ್, ಒಂದು ಪಲ್ಯ, ಚಪಾತಿ. ಮಕ್ಕಳದ್ದು ನಿಮಗೆ ಗೊತ್ತಲ್ಲ. ಛೋಲೆ ಮಾಡಿದ ದಿನ ಪಾತ್ರೆ ತೊಳೆಯುವ ಕೆಲಸವೇ ಇಲ್ಲ. ಎಲೆಕೋಸು ಮಾಡಿದ ದಿನ ಹೋದದ್ದೆಲ್ಲ ಹಾಗೇ ವಾಪಸ್. ಬೀನ್ಸ್ ಅಂತೂ ಒಂದೊಂದೇ ಹೆಕ್ಕಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದರು. ಅದಕ್ಕೆ ನಮ್ಮ ಭಟ್ಟರು ಬೀನ್ಸ್ ಅನ್ನು ಸಣ್ಣಗೆ ಕೊಚ್ಚಿ ಚಪಾತಿ ಹಿಟ್ಟಿನಲ್ಲೇ ಕಲಸಲು ಶುರು ಮಾಡಿದರು. ಅದಿರಲಿ.

ಜುಲೈ ತಿಂಗಳು, ದೊಡ್ಡ ಮಳೆ. ಟೆಂಪೋ ಹೊರಟದ್ದು ಸರಿಯಾದ ಹೊತ್ತಿಗೇ. ಕುರ್ಲಾದಲ್ಲಿ ಎಲ್‌ಬಿಎಸ್ ರಸ್ತೆಗೆ ನೀರು ನುಗ್ಗಿತು. ಮುಂದೆಯೂ ಹೋಗುವ ಹಾಗಿಲ್ಲ, ಹಿಂದೆಯೂ ಇಲ್ಲ. ಊಟ ಶಾಲೆಗೆ ಮುಟ್ಟುವಾಗ ಎರಡೂವರೆ. ಮಳೆಗೆ ಸಿಕ್ಕಿಕೊಂಡ ಮಕ್ಕಳು ಅಲ್ಲೇ ಇದ್ದರು, ಹಸಿದಿದ್ದರು. ಶಾಲೆಯವರು "ಬಿಸಿ ಇದೆಯಲ್ಲ, ಬಡಿಸಿ" ಅಂದರು. ಡಬ್ಬ ಮುಟ್ಟಿದರೆ ಬೆಚ್ಚಗೇ ಇತ್ತು. ಟೆಂಪೋದಲ್ಲಿ ನಮ್ಮ ಭಟ್ಟರೂ ಇದ್ದರು, ಅದು ಪುಣ್ಯ. ಮುಚ್ಚಳ ತೆಗೆದು ದಾಲ್ ಒಂದು ಚಮಚ ಬಾಯಿಗೆ ಹಾಕಿದರು. ನಮಗೆ ಯಾರಿಗೂ ವಾಸನೆ ಬಂದಿರಲಿಲ್ಲ. ಅವರು ಉಗಿದು, "ಇದು ತಿರುಗಿದೆ, ಒಂದು ಮಗುವಿಗೂ ಹಾಕಬೇಡಿ" ಅಂದರು. ಎಲ್ಲಾ ಚೆಲ್ಲಿದೆವು. ಪಕ್ಕದ ಅಂಗಡಿಯಿಂದ ಬಾಳೆಹಣ್ಣು, ಬಿಸ್ಕತ್ತು ತಂದು ಹಂಚಿದೆವು. ಆ ದಿನದ ಬಿಲ್ಲಿಗೆ ಶಾಲೆ ಕತ್ತರಿ ಹಾಕಿತು. ಹಾಕಲಿ, ಅದರ ಚಿಂತೆ ಇಲ್ಲ. ನನಗೆ ಬೇರೆಯದೇ ಯೋಚನೆ. ಆ ದಾಲ್ ತಿರುಗಿದೆ ಅಂತ ಹೇಳಲು ಭಟ್ಟರ ನಾಲಿಗೆ ಬೇಕಾಯಿತು. ಸರ್ಕಾರಿ ಊಟವನ್ನು ಮಕ್ಕಳಿಗಿಂತ ಮೊದಲು ಒಬ್ಬ ಟೀಚರು ರುಚಿ ನೋಡಬೇಕು ಅಂತ ನಿಯಮ ಇದೆ. ಒಳ್ಳೆಯ ನಿಯಮ. ಆದರೆ ಗಣಿತದ ಟೀಚರಿಗೆ ಉಪ್ಪು-ಖಾರ ಗೊತ್ತಾದೀತು, ತಿರುಗಲು ಶುರುವಾದ ಬೇಳೆ ಗೊತ್ತಾಗುವುದು ಕಷ್ಟ.

2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆಯಲ್ಲಿ ಮೊನೊಕ್ರೊಟೊಫಾಸ್ ಅನ್ನುವ ಕೀಟನಾಶಕ ಸೇರಿತ್ತು. ಅದು ಒಂದು ಸಣ್ಣ ಶಾಲೆ. ಮುಂಬೈಯ ಒಂದು ದೊಡ್ಡ ಅಡುಗೆ ಮನೆಯಿಂದ ಎಷ್ಟೋ ಶಾಲೆಗಳಿಗೆ ಊಟ ಹೋಗುತ್ತದೆ. ಈಗಿರುವ ಮಕ್ಕಳಿಗೇ ನೋಡಿಕೊಳ್ಳುವುದು ಕಷ್ಟ. ಅದರ ಮೇಲೆ ಹೈಸ್ಕೂಲು, ಖಾಸಗಿ ಶಾಲೆ ಎಲ್ಲಾ ಸೇರಿಸಿದರೆ ಒಲೆ ಎಲ್ಲಿ, ಟೆಂಪೋ ಎಲ್ಲಿ, ಭಟ್ಟರು ಎಲ್ಲಿ?

ಸರ್ಕಾರದ ಕೈ ಎಷ್ಟು ಬಿಗಿ ಅಂತ ಮೊಟ್ಟೆಯ ಕಥೆ ನೋಡಿದರೆ ಗೊತ್ತಾಗುತ್ತದೆ. ಮಹಾರಾಷ್ಟ್ರ ಸರ್ಕಾರ 2023ರ ನವೆಂಬರಿನಲ್ಲಿ ವಾರಕ್ಕೊಂದು ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಅಂತ ಹೇಳಿತು. 2025ರ ಜನವರಿಯಲ್ಲಿ ಅದಕ್ಕೆ ದುಡ್ಡಿಲ್ಲ, ಬೇಕಾದರೆ ಶಾಲೆಯವರೇ ಜನರಿಂದ ಎತ್ತಿಕೊಳ್ಳಿ ಅಂತ ಆದೇಶ ಬಂತು. ನಾನು ಶುದ್ಧ ಸಸ್ಯಾಹಾರಿ ಹೋಟೆಲ್ ನಡೆಸುವವನು. ಆದರೂ ಹೇಳುತ್ತೇನೆ, ಕೊಟ್ಟ ಮೊಟ್ಟೆ ಮಕ್ಕಳ ಕೈಯಿಂದ ಕಿತ್ತುಕೊಳ್ಳಬಾರದಿತ್ತು. ಇದ್ದ ಮಕ್ಕಳಿಗೆ ವಾರಕ್ಕೊಂದು ಮೊಟ್ಟೆ ಕೊಡಲಾಗದವರು ಮುಂಬೈಯ ಎಲ್ಲ ಮಕ್ಕಳಿಗೂ ಊಟ ಹಾಕುತ್ತಾರಂತೆ. ನಂಬುವವರು ನಂಬಲಿ.

ಈ ದರಕ್ಕೆ ಟೆಂಡರ್ ಹಾಕಿ ಅಂತ ನನ್ನನ್ನು ಕೇಳಿದರೆ ಹಾಕುವುದಿಲ್ಲ. ತಟ್ಟೆಗೆ 25 ರೂಪಾಯಿ ಕೊಟ್ಟು, ಶಾಲೆಯ ಕಾಂಪೌಂಡಿನಲ್ಲೇ ಒಲೆ ಇಡಲು ಜಾಗ ಕೊಟ್ಟು, ಅಡುಗೆಯವರಿಗೆ ಸರಿಯಾದ ಸಂಬಳ ಕೊಡುವುದಾದರೆ ಬೇರೆ ಮಾತು. ಆಗ ಯಾರ ಮಗು ಅಂತ ನಾನೂ ಕೇಳುವುದಿಲ್ಲ, ಬಂದವರಿಗೆಲ್ಲ ಬಡಿಸಬಹುದು. ಅಲ್ಲಿಯವರೆಗೆ ಈಗ ತಿನ್ನುತ್ತಿರುವ ಮಕ್ಕಳ ಬೇಳೆಯಲ್ಲಿ ಬೇಳೆ ಇದೆಯಾ ಅಂತ ಮೊದಲು ನೋಡಿ. 6 ರೂಪಾಯಿ 78 ಪೈಸೆಗೆ ಮಾಡಿಕೊಡುತ್ತೇವೆ ಅಂತ ಸಹಿ ಹಾಕುವವರು ಈ ಊರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ನನಗೆ ಅವರದ್ದೇ ಹೆದರಿಕೆ.